ಜನಪ್ರಿಯ ಆರ್‌ಜೆ ಹೋದ್ಮೇಲೆ ಬೆಳಗಿನ ಷೋ ಕುಸಿದಿದೆ. ಎಲ್ಲಿಂದ ಸರಿ ಮಾಡೋದು?

ಕ್ಯೂಶೀಟ್ (ಚರ್ಚೆ ಆರಂಭಿಸಿದವರು):
ಬೆಂಗಳೂರಿನ ಒಂದು ಖಾಸಗಿ ಎಫ್‌ಎಂ, ಹೆಸರು ಬೇಡ. ಬೆಳಗ್ಗೆ 7ರಿಂದ 11ರ ಷೋ ನಡೆಸ್ತಿದ್ದ ಆರ್‌ಜೆ ಹೋಗಿ ನಾಲ್ಕು ತಿಂಗಳಾಯ್ತು. ಶುಕ್ರವಾರ ಎಂದಿನಂತೆ ಷೋ ಮುಗೀತು, ಸೋಮವಾರ ಬೇರೆ ದನಿ. ಕೇಳುಗರಿಗೆ ಯಾರೂ ಏನೂ ಹೇಳಲಿಲ್ಲ. ಹೊಸಬರು ಮೈಸೂರಿನಲ್ಲಿ ಸಂಜೆ ಷೋ ಚೆನ್ನಾಗಿ ನಡೆಸಿದ್ದವರು, ಕನ್ನಡ ಹದವಾಗಿದೆ, ತಯಾರಿ ಮಾಡ್ಕೊಂಡೇ ಬರ್ತಾರೆ. ಆದ್ರೂ ವಾಟ್ಸಾಪ್ ವಾಯ್ಸ್ ನೋಟ್ ಅರ್ಧಕ್ಕೆ ಇಳಿದಿದೆ. 8:10ರ ಸ್ಪರ್ಧೆಗೆ ದಿನಾ ಅದೇ ಏಳೆಂಟು ನಂಬರ್. ಫೇಸ್‌ಬುಕ್‌ನಲ್ಲಿ ಏನೇ ಹಾಕಿದ್ರೂ ಕೆಳಗೆ "ಹಳೇ ಆರ್‌ಜೆ ಎಲ್ಲಿ?" ಅನ್ನೋ ಪ್ರಶ್ನೆ.

ಷೋ ಹೆಸರು, ಸೆಗ್ಮೆಂಟ್‌ಗಳು, ಮಾತಿನ ಹಿಂದಿನ ಮ್ಯೂಸಿಕ್ ಬೆಡ್ ಎಲ್ಲಾ ಹಳೆಯದೇ ಉಳಿಸಿದ್ದಾರೆ. "ಅದೇ ಎನರ್ಜಿ ಕೊಡಿ" ಅನ್ನೋದು ಮೇಲಿನವರ ಸೂಚನೆ. ಈಗ ಇವರನ್ನೂ ಬದಲಾಯಿಸೋ ಮಾತು ನಡೀತಿದೆ. ಅನುಭವ ಇರೋರು ಹೇಳಿ, ತಪ್ಪಿರೋದು ವ್ಯಕ್ತಿಯಲ್ಲೋ ಷೋ ಕಟ್ಟಿದ ರೀತಿಯಲ್ಲೋ?

ಹುಬ್ಳಿ ಹವಾ:
ಹಳೇ ಸೆಗ್ಮೆಂಟು, ಹಳೇ ಹೆಸರು, ಹಳೇ ಬೆಡ್ಡು ಇಟ್ಟು ಹೊಸಾ ಮನಷ್ಯಾನ್ನ ಕುಂಡ್ರಿಸಿದ್ರ ಕೇಳೋರು ಹೋಲಿಕೆ ಮಾಡದ ಇನ್ನೇನ್ ಮಾಡ್ತಾರ್ರೀ?

ನಾಲ್ಕನೇ ಫೇಡರ್:
ಮೊದಲು 7ರಿಂದ 9ರ ಲಾಗ್ ಹಾಕಿ, ಅಂದ್ರೆ ಯಾವ ನಿಮಿಷಕ್ಕೆ ಏನು ಹೋಯ್ತು ಅನ್ನೋ ದಾಖಲೆ. ಎಷ್ಟು ಹಾಡು, ಲಿಂಕ್ (ಹಾಡುಗಳ ನಡುವಿನ ಆರ್‌ಜೆ ಮಾತು) ಎಷ್ಟು ಉದ್ದ, ಬ್ರೇಕ್ ಯಾವ ನಿಮಿಷಕ್ಕೆ. ಅದಿಲ್ಲದೆ ವ್ಯಕ್ತಿ ಸರಿ ಇಲ್ಲ ಅಂತ ತೀರ್ಪು ಕೊಡೋಕಾಗಲ್ಲ.

ಕ್ಯೂಶೀಟ್:
8ರಿಂದ 9ರ ಗಂಟೆ ಹೀಗಿದೆ: ಹಾಡು 6. ಲಿಂಕ್ 8, ಒಟ್ಟು ಮಾತು ಸುಮಾರು 18 ನಿಮಿಷ. ಜಾಹೀರಾತು 15 ನಿಮಿಷ, ನಾಲ್ಕು ಬ್ರೇಕ್‌ನಲ್ಲಿ: 8:12, 8:28, 8:43, 8:57. ಉಳಿದದ್ದು ಜಿಂಗಲ್, ಸ್ವೀಪರ್ (ಹಾಡುಗಳ ಮಧ್ಯೆ ಸ್ಟೇಷನ್ ಹೆಸರು ಹೇಳೋ ಪುಟ್ಟ ತುಣುಕು). ಮೊದಲಿದ್ದವರ ಕಾಲದಲ್ಲೂ ಹೆಚ್ಚುಕಡಿಮೆ ಇದೇ ಗಡಿಯಾರ, ಅಂದ್ರೆ ಗಂಟೆಯ ಹಂಚಿಕೆ.

ನಾಲ್ಕನೇ ಫೇಡರ್:
ಇಲ್ಲೇ ಇದೆ ನೋಡಿ. 18 ನಿಮಿಷದ ಮಾತನ್ನ ಜನ ಸಹಿಸಿದ್ದು ಆ ದನಿ ಪರಿಚಯ ಇತ್ತು ಅಂತ. ವರ್ಷಗಟ್ಟಲೆ ಕೇಳಿದವರಿಗೆ ಅವರ ಮನೆ, ಸ್ಕೂಟರು, ಅತ್ತೆ ಎಲ್ಲಾ ಗೊತ್ತಿತ್ತು. ಎರಡೂಕಾಲು ನಿಮಿಷದ ಲಿಂಕ್‌ನಲ್ಲಿ ಅರ್ಧ ಕೆಲಸ ಆ ಪರಿಚಯವೇ ಮಾಡ್ತಿತ್ತು. ಹೊಸಬರ ಹತ್ರ ಆ ಬಂಡವಾಳ ಇಲ್ಲ. ಅದೇ ಎರಡೂಕಾಲು ನಿಮಿಷ ಕೊಟ್ರೆ 40ನೇ ಸೆಕೆಂಡಿಗೆ ಕೈ ಬಟನ್ ಕಡೆ ಹೋಗುತ್ತೆ.

ಮೊದಲ ಮೂರು ತಿಂಗಳಿಗೆ ಗಡಿಯಾರ ಹೀಗಿರಲಿ: ಗಂಟೆಗೆ 8 ಹಾಡು, ನಾಲ್ಕು ನಿಮಿಷದಂತೆ 32. ಲಿಂಕ್ 7, ಒಟ್ಟು 10 ನಿಮಿಷ. ಅದರಲ್ಲಿ ನಾಲ್ಕು ಲಿಂಕ್ ಒಂದು ನಿಮಿಷ ದಾಟಬಾರದು, ಹಾಡಿನ ಇಂಟ್ರೋ ಮೇಲೇ ಮಾತು ಮುಗೀಬೇಕು, ಹಾಡುಗಾರರ ದನಿ ಶುರುವಾಗೋ ಮೊದಲು ಜಾಗ ಬಿಡಬೇಕು. ಮೂರು ಲಿಂಕ್ ಎರಡು ನಿಮಿಷದ್ದು, ಅವು ಷೋನ ಮುಖ್ಯ ವಿಷಯಕ್ಕೆ. ಜಾಹೀರಾತು 12. ಟ್ರಾಫಿಕ್ 2. ಜಿಂಗಲ್, ಸ್ವೀಪರ್‌ಗೆ ಉಳಿದ ನಾಲ್ಕು.

ಹಾಡೂ ಮುಖ್ಯ. ಅಪರಿಚಿತ ದನಿ ಪಕ್ಕದಲ್ಲಿ ಅಪರಿಚಿತ ಹಾಡು ಬೇಡ. ಹೊಸ ಸಿನಿಮಾ ಹಾಡು ಗಂಟೆಗೆ ಎರಡು ಸಾಕು, ಉಳಿದದ್ದು ಎಲ್ಲರೂ ಗುನುಗೋ ಹಾಡುಗಳು. ಲಿಂಕ್ ಮುಗಿದ ತಕ್ಷಣ ಬರೋದಂತೂ ಹಂಸಲೇಖ ಕಾಲದ ಹಿಟ್ ಆಗಿರ್ಲಿ, ಈಚಿನದಾದ್ರೆ ಮದುವೆ ಮನೆಯಲ್ಲಿ ಕುಣಿಯೋ ಅಂಥದ್ದು.

ಸ್ಪಾಟ್ ಶೆಡ್ಯೂಲ್:
ಜಾಹೀರಾತು 15ರಿಂದ 12ಕ್ಕೆ ಇಳಿಸಿ ಅಂತ ಬರೆಯೋದು ಸುಲಭ. ಬೆಳಗಿನ ಪ್ರೈಮ್ ಟೈಮ್‌ನಲ್ಲೇ ಸ್ಟೇಷನ್ ಊಟ ಮಾಡೋದು. ಮೂರು ನಿಮಿಷ ಅಂದ್ರೆ ಗಂಟೆಗೆ 10 ಸೆಕೆಂಡಿನ 18 ಸ್ಪಾಟ್. ನಾಲ್ಕು ಗಂಟೆಗೆ 72. ಯಾವ ಸೇಲ್ಸ್ ಹೆಡ್ ಒಪ್ತಾರೆ?

ನಾಲ್ಕನೇ ಫೇಡರ್:
ಒಪ್ಪದಿದ್ರೆ ಬ್ರೇಕ್ ಸಂಖ್ಯೆಯಾದ್ರೂ ಇಳಿಸಿ. ನಾಲ್ಕರ ಬದಲು ಎರಡು, 20ನೇ ನಿಮಿಷಕ್ಕೆ ಒಂದು, 50ಕ್ಕೆ ಒಂದು. ಕೇಳುಗರೇ ಯಾವ ಸ್ಟೇಷನ್ ಕೇಳಿದ್ವಿ ಅಂತ ಬರೆದಿಡೋ ಡೈರಿ ಸಮೀಕ್ಷೆ ಪದ್ಧತಿಯಲ್ಲಿ ಕಾಲು ಗಂಟೆಗೊಂದು ಮನೆ ಇರುತ್ತೆ, ಅದರಲ್ಲಿ ಐದು ನಿಮಿಷ ಕೇಳಿದ್ರೆ ಆ ಮನೆ ಸ್ಟೇಷನ್ ಲೆಕ್ಕಕ್ಕೆ. 15ರಿಂದ 20ರ ತನಕ ಹಾಡು ಹೋದ್ರೆ ಆ ಮನೆ ಆಗಲೇ ಸಿಕ್ಕಿರುತ್ತೆ. 8:12, 8:28, 8:43, 8:57 ಅಂದ್ರೆ ಪ್ರತಿ ಕಾಲು ಗಂಟೆಯ ಗಡಿಯಲ್ಲೂ ಜಾಹೀರಾತು. ಕೇಳುಗರನ್ನ ನಾಲ್ಕು ಸಲ ಬಾಗಿಲಿಗೆ ಕರ್ಕೊಂಡ್ ಹೋಗಿ ಬಿಟ್ಟಂಗೆ.

ಸ್ಪಾಟ್ ಶೆಡ್ಯೂಲ್:
ಏಳೂವರೆ ನಿಮಿಷದ ಬ್ರೇಕ್‌ನಲ್ಲಿ ಮಧ್ಯದಲ್ಲಿ ಸಿಕ್ಕಿಕೊಂಡ ಸ್ಪಾಟ್ ಯಾರೂ ಕೇಳಲ್ಲ, ಕ್ಲೈಂಟ್‌ಗೂ ಅದು ಗೊತ್ತು. ಮೊದಲ ಸ್ಥಾನಕ್ಕೇ ಹೆಚ್ಚು ದುಡ್ಡು ಕೊಡ್ತಾರೆ. ನಾಲ್ಕು ಬ್ರೇಕ್ ಇದ್ರೆ ಮಾರೋಕೆ ನಾಲ್ಕು ಮೊದಲ ಸ್ಥಾನ. ಮೂರು ಬ್ರೇಕ್, ನಾಲ್ಕು ನಾಲ್ಕು ನಿಮಿಷ, ಅಲ್ಲಿಗೆ ರಾಜಿ ಆಗಬಹುದು. ಅದಕ್ಕಿಂತ ಕೆಳಗೆ ಕಷ್ಟ.

ಕುಡ್ಲದ ಕೇಳುಗೆ:
ನಿಮಿಷದ ಲೆಕ್ಕ ಸರಿ ಮಾರಾಯ್ರೆ, ಆದ್ರೆ ದೊಡ್ಡ ತಪ್ಪು ಮೊದಲ ಪೋಸ್ಟ್‌ನಲ್ಲೇ ಉಂಟಲ್ಲ. ಶುಕ್ರವಾರ ಇದ್ದವರು ಸೋಮವಾರ ಇಲ್ಲ, ಒಂದು ಮಾತೂ ಇಲ್ಲ. ಮನೆಯಲ್ಲಿ ದಿನಾ ಮಾತಾಡುವ ದನಿ ಅದು. ಕೇಳುಗರಿಗೆ ಆದದ್ದು ಬೇಜಾರು. ಆ ಬೇಜಾರು ಹೊಸಬರ ತಲೆ ಮೇಲೆ ಬಿದ್ದಿದೆ, ಪಾಪ.

ಹಳೆ ಟೇಪು:
ಕುಡ್ಲದ ಮೇಡಂ ಹೇಳಿದ್ದಕ್ಕೆ ಒಳ್ಳೆಯ ಉದಾಹರಣೆ ಬ್ರಿಟನ್ನಿನ ಬಿಬಿಸಿ ರೇಡಿಯೋ 2. ಅಲ್ಲಿನ ಜನಪ್ರಿಯ ನಿರೂಪಕ ಟೆರ್ರಿ ವೋಗನ್ ಬೆಳಗಿನ ಷೋ ಬಿಡೋ ಸುದ್ದಿಯನ್ನ 2009ರ ಸೆಪ್ಟೆಂಬರ್‌ನಲ್ಲಿ ತಮ್ಮದೇ ಷೋನಲ್ಲಿ, ತಾವೇ ಹೇಳಿದ್ರು. ಬರೋರು ಕ್ರಿಸ್ ಇವಾನ್ಸ್ ಅಂತಲೂ ಅವತ್ತೇ ಗೊತ್ತಾಯ್ತು. ಕೊನೆಯ ಷೋ ಡಿಸೆಂಬರ್ 18ಕ್ಕೆ, ಇವಾನ್ಸ್ ಶುರು ಮಾಡಿದ್ದು 2010ರ ಜನವರಿ 11ಕ್ಕೆ. ಮೂರು ತಿಂಗಳು ಕೇಳುಗರು ಬೈದರು, ಅತ್ತರು, ಕಾಗದ ಬರೆದರು, ಎಲ್ಲಾ ಹಳೆಯವರು ಇದ್ದಾಗಲೇ ಮುಗೀತು. ಜೊತೆಗೆ ಇವಾನ್ಸ್ ಅದೇ ಸ್ಟೇಷನ್‌ನ ಸಂಜೆ ಷೋನಲ್ಲಿ 2006ರಿಂದ ಇದ್ದವರು, ದನಿ ಹೊಸದಲ್ಲ. ವೋಗನ್ ಕಾಲದಲ್ಲಿ ವಾರಕ್ಕೆ 80 ಲಕ್ಷದ ಆಸುಪಾಸು ಇದ್ದ ಕೇಳುಗರು ಇವಾನ್ಸ್ ಬಂದ ಮೇಲೆ 90 ಲಕ್ಷ ದಾಟಿದರು.

ಇವಾನ್ಸ್ ವೋಗನ್ ಥರ ಮಾಡೋಕೆ ಹೋಗಲೇ ಇಲ್ಲ ಅನ್ನೋದೂ ಗಮನಿಸಿ. ವೋಗನ್ ನಿಧಾನ, ಇವರು ಜೋರು.

ಹುಬ್ಳಿ ಹವಾ:
ಅದು ಸರಿ, ಆದ್ರ ಬಿಬಿಸಿಗೆ ಜಾಹೀರಾತು ಇಲ್ಲ. ಅವರ ಸುಖಾನ ಬ್ಯಾರೆ. ನಮ್ಮಲ್ಲಿ ರಾಜೀನಾಮೆ ಕೊಟ್ಟವರಿಗೆ ಮರುದಿನ ಮೈಕ್ ಕೊಟ್ರ ಎದುರಿನ ಸ್ಟೇಷನ್ನಿನ ಹೆಸರು ಹೇಳಿಬಿಡ್ತಾರ ಅನ್ನೋ ಹೆದರಿಕಿ.

ಸಿಡ್ನಿ ಕನ್ನಡಿಗ:
ಇಲ್ಲಿ ಆಸ್ಟ್ರೇಲಿಯಾದಲ್ಲಿ ಪೂರ್ತಿ ಜಾಹೀರಾತಿನ ಮೇಲೇ ನಡೆಯೋ ಸ್ಟೇಷನ್ ಕಥೆ ಇದೆ. 2ಡೇ ಎಫ್‌ಎಂನಲ್ಲಿ ಕೈಲ್ ಮತ್ತು ಜಾಕಿ ಓ ಜೋಡಿ ಬೆಳಗಿನ ಹೊತ್ತು ಮುಂಚೂಣಿಯಲ್ಲಿತ್ತು. 2013ರ ಕೊನೆಗೆ ಬಿಟ್ಟು 2014ರಲ್ಲಿ ಎದುರಿನ ಕಿಸ್ 106.5ಕ್ಕೆ ಹೋದ್ರು. ಕೇಳುಗರೂ ಹಿಂದೆಯೇ ಹೋದ್ರು. 2ಡೇ ಆಮೇಲೆ ಮಾಡಿದ್ದೇನು? ಟಿವಿಯ ದೊಡ್ಡ ಹೆಸರುಗಳನ್ನ ತಂದು ಕೂರಿಸ್ತು, ಓಡಲಿಲ್ಲ ಅಂತ ಇನ್ನೊಂದು ತಂಡ, ಮತ್ತೊಂದು ತಂಡ. ಡ್ಯಾನ್ ಮತ್ತು ಮ್ಯಾಝ್, ರೋವ್ ಮತ್ತು ಸ್ಯಾಮ್, ಹೀಗೆ ಸಾಲಾಗಿ. ಒಂದು ಹಂತದಲ್ಲಿ ಮಾತಿನ ತಂಡವೇ ಬೇಡ ಅಂತ ಬೆಳಗ್ಗೆ ಹೆಚ್ಚಾಗಿ ಹಾಡೇ ಹಾಕಿದ್ರು. ಹತ್ತು ವರ್ಷ ಕಳೆದ್ರೂ ಹಳೇ ಜಾಗಕ್ಕೆ ಬರಲಿಲ್ಲ.

ಇಲ್ಲಿ ವರ್ಷಕ್ಕೆ ಎಂಟು ಸಮೀಕ್ಷೆ. ಪ್ರತಿ ಸಮೀಕ್ಷೆಗೂ ಪತ್ರಿಕೆಗಳು "ಇವರೂ ಹೋಗ್ತಾರಾ" ಅಂತ ಬರೀತವೆ, ಒತ್ತಡ ಹೆಚ್ಚುತ್ತೆ, ತೆಗೀತಾರೆ. ಪರಿಚಯ ಮತ್ತೆ ಸೊನ್ನೆಯಿಂದ. ಕ್ಯೂಶೀಟ್ ಅವರೇ, ನಾಲ್ಕು ತಿಂಗಳಿಗೇ ಬದಲಾಯಿಸೋ ಮಾತು ಬಂದಿದೆ ಅಂದ್ರೆ ದಾರಿ ಅದೇ.

ಜಯನಗರ 4ನೇ ಬ್ಲಾಕ್:
ಹಾಗಂತ ಯಾರನ್ನೇ ಆಗಲಿ ಎರಡು ವರ್ಷ ಇಟ್ಕೋಬೇಕಾ? ಕೆಲವರು ನಿಜಕ್ಕೂ ಬೆಳಗಿನ ಹೊತ್ತಿಗೆ ಸರಿಹೊಂದಲ್ಲ. ಸಂಜೆ ಷೋ ಕೇಳೋರು ಕೆಲಸ ಮುಗಿಸಿ ಸುಸ್ತಾಗಿರ್ತಾರೆ, ಉದ್ದ ಮಾತು, ಲವ್ ಡೆಡಿಕೇಷನ್ ನಡೆಯುತ್ತೆ. ಬೆಳಗ್ಗೆ ಕುಕ್ಕರ್ ಸೀಟಿ ಮಧ್ಯೆ ಕೇಳೋರಿಗೆ ಹೊತ್ತು ಎಷ್ಟಾಯ್ತು, ಮಳೆ ಬರುತ್ತಾ, ರಸ್ತೆ ಹೇಗಿದೆ ಇಷ್ಟು ಮೊದಲು ಬೇಕು. ಇದು ಬೇರೆಯೇ ಕಸುಬು.

ನಾಲ್ಕನೇ ಫೇಡರ್:
ಅದಕ್ಕೇ ಏರ್‌ಚೆಕ್ ಇರೋದು, ಅಂದ್ರೆ ಷೋನ ರೆಕಾರ್ಡಿಂಗ್ ಕೇಳಿ ತಿದ್ದೋದು. ವಾರಕ್ಕೆರಡು ಸಲ, ಷೋ ಮುಗಿದ ಅರ್ಧ ಗಂಟೆಗೆ, 20 ನಿಮಿಷ. ಮೈಕ್ ಆನ್ ಆದಾಗ ಮಾತ್ರ ರೆಕಾರ್ಡ್ ಆದ ಸ್ಕಿಮ್ಮರ್ ಫೈಲ್ ಹಾಕಿ ಮೂರೇ ಲಿಂಕ್ ಕೇಳಿಸಿ: ಚೆನ್ನಾಗಿ ಬಂದದ್ದೊಂದು, ಕೆಟ್ಟದ್ದೊಂದು, ಸಾಧಾರಣದ್ದೊಂದು. ಮೊದಲ ವಾಕ್ಯದಲ್ಲಿ ವಿಷಯ ಬಂತಾ, ಎಲ್ಲಿ ನಿಲ್ಲಿಸಬಹುದಿತ್ತು, ಇವೆರಡೇ ಪ್ರಶ್ನೆ. ಸಾಮಾನ್ಯವಾಗಿ ಎರಡು ಕಡೆ ನಿಲ್ಲಿಸೋ ಅವಕಾಶ ಇರುತ್ತೆ, ಮೂರನೆಯದಕ್ಕೆ ನಿಲ್ಲಿಸಿರ್ತಾರೆ. ಇಬ್ಬರೇ ಕೂರಬೇಕು, ಆರ್‌ಜೆ ಮತ್ತು ಪ್ರೊಡ್ಯೂಸರ್. ಎಂಟು ಜನರ ಮೀಟಿಂಗ್‌ನಲ್ಲಿ ಒಬ್ಬರ ದನಿ ಬಗ್ಗೆ ಚರ್ಚೆ ಮಾಡಿದ್ರೆ ಮರುದಿನ ಮೈಕ್ ಮುಂದೆ ಅವರು ಹೆದರಿಯೇ ಕೂರ್ತಾರೆ. ಹೀಗೆ ಆರು ತಿಂಗಳು ಮಾಡಿಯೂ ಬದಲಾವಣೆ ಕಾಣದಿದ್ರೆ ಆಗ ವ್ಯಕ್ತಿ ಬಗ್ಗೆ ಮಾತಾಡೋಣ.

ಪ್ಲೇಔಟ್ ಪಾಪಣ್ಣ:
ಯಾರೂ ಹೇಳದ ವಿಷಯ: ಕಂಪ್ಯೂಟರ್‌ನಲ್ಲಿರೋ ಆಡಿಯೋ ಲೈಬ್ರರಿ ತೊಳೀರಿ. ಆರ್‌ಜೆ ಹೋದ ತಿಂಗಳುಗಟ್ಟಲೆ ನಂತರ ರಾತ್ರಿ 2 ಗಂಟೆಗೆ ಅವರ ದನಿಯ ಸ್ವೀಪರ್ ಓಡುತ್ತೆ, ಯಾಕಂದ್ರೆ ರೊಟೇಷನ್ ಫೋಲ್ಡರ್‌ನಲ್ಲಿ ಉಳಿದಿರುತ್ತೆ. ನೋಡಬೇಕಾದ ಜಾಗ: ಷೋ ಓಪನರ್, ಸೆಗ್ಮೆಂಟ್ ಇನ್ ಔಟ್, ಹಾಡಿನ ಮಧ್ಯದ ಸ್ವೀಪರ್, ಬೇರೆ ಷೋಗಳಲ್ಲಿ ಓಡೋ ಬೆಳಗಿನ ಪ್ರೋಮೊ, ಸ್ಪಾನ್ಸರ್ ಟ್ಯಾಗ್, ಭಾನುವಾರದ ರಿಪೀಟ್, ಹಬ್ಬದ ಶುಭಾಶಯ. ಯುಗಾದಿ, ಗಣೇಶ, ರಾಜ್ಯೋತ್ಸವದ್ದು ವರ್ಷಕ್ಕೊಂದೇ ಸಲ ಲಾಗ್‌ಗೆ ಬರೋದರಿಂದ ಸಿಕ್ಕಿಬೀಳೋದು ಆ ದಿನವೇ. ಸ್ಥಳೀಯ ಜಾಹೀರಾತು ಬೇರೆ, ಒಡವೆ ಅಂಗಡಿ ಸ್ಪಾಟ್‌ಗೆ ಅದೇ ಆರ್‌ಜೆ ದನಿ ಕೊಟ್ಟಿರ್ತಾರೆ. ಹೊಸಬರು ಲಿಂಕ್ ಮುಗಿಸ್ತಾರೆ, ಬ್ರೇಕ್‌ನಲ್ಲಿ ಹಳೆಯವರು "ಇಂದೇ ಭೇಟಿ ಕೊಡಿ" ಅಂತಾರೆ. ಕೇಳುಗರು ಮರೆಯೋದು ಹೇಗೆ?

ಕ್ಯೂಶೀಟ್:
ಪಾಪಣ್ಣ, ಇದು ನೂರಕ್ಕೆ ನೂರು. ಒಂದು ಅಪಾರ್ಟ್‌ಮೆಂಟ್ ಸ್ಪಾಟ್ ಈಗಲೂ ಅವರ ದನಿಯಲ್ಲೇ 8:28ಕ್ಕೆ ಓಡ್ತಿದೆ.

ಸ್ಪಾಟ್ ಶೆಡ್ಯೂಲ್:
ಅದನ್ನ ಮರು ರೆಕಾರ್ಡ್ ಮಾಡಿಸಿ, ಖರ್ಚು ಸ್ಟೇಷನ್‌ದೇ ಇರಲಿ. ಕ್ಲೈಂಟ್‌ಗೆ ಹೊಸ ಆರ್‌ಜೆಯನ್ನ ಪರಿಚಯ ಮಾಡಿಸೋಕೂ ಒಳ್ಳೆ ನೆಪ. ಆರ್‌ಜೆ ಮೆನ್ಷನ್‌ಗೆ (ಆರ್‌ಜೆ ತಾವೇ ಮಾತಿನ ನಡುವೆ ಕ್ಲೈಂಟ್ ಹೆಸರು ಹೇಳೋದಕ್ಕೆ) ದುಡ್ಡು ಕೊಡೋದು ಆ ದನಿಯ ಮೇಲಿನ ನಂಬಿಕೆಗೆ, ಅದಕ್ಕೇ ಸ್ಪಾಟ್‌ಗಿಂತ ಮೊದಲು ಮೆನ್ಷನ್ ದುಡ್ಡು ನಿಲ್ಲುತ್ತೆ. ಷೋ ಟೈಟಲ್ ಸ್ಪಾನ್ಸರ್ ಕಾಂಟ್ರಾಕ್ಟ್ ಯಾವ ತಿಂಗಳು ಮುಗಿಯುತ್ತೆ ನೋಡಿ, ಅದಕ್ಕೆ ಎರಡು ತಿಂಗಳ ಮೊದಲೇ ಹೊಸಬರನ್ನ ಅವರ ಆಫೀಸಿಗೆ ಕರ್ಕೊಂಡು ಹೋಗಿ. ನವೀಕರಣದ ದಿನ ಮೊದಲ ಭೇಟಿ ಆಗಬಾರದು.

ಮಲ್ಲೇಶ್ವರಂ ಮರ್ಫಿ:
ಆಕಾಶವಾಣಿಯಲ್ಲಿ ಈ ಸಮಸ್ಯೆ ಯಾಕೆ ಬರಲಿಲ್ಲ ಹೇಳಿ? ಉದ್ಘೋಷಕರು ಪಾಳಿಯಲ್ಲಿ ಬರ್ತಿದ್ರು. ಇವತ್ತು ಒಬ್ಬರು, ನಾಳೆ ಇನ್ನೊಬ್ಬರು. ಆದರೆ 6:55ಕ್ಕೆ ಸಂಸ್ಕೃತ ವಾರ್ತೆ ಅಂದ್ರೆ 6:55ಕ್ಕೇ. ಚಿಂತನ, ವಾರ್ತೆ, ಪ್ರದೇಶ ಸಮಾಚಾರ ಕೇಳಿಕೊಂಡೇ ಮಕ್ಕಳ ಸ್ನಾನ, ತಿಂಡಿ, ಸ್ಕೂಲ್ ಬ್ಯಾಗ್ ನಡೀತಿತ್ತು. ಕೇಳುಗರನ್ನ ಹಿಡಿದಿದ್ದು ಹೊತ್ತು.

ಜಯನಗರ 4ನೇ ಬ್ಲಾಕ್:
ಆಗ ಬೇರೆ ಆಯ್ಕೆ ಎಲ್ಲಿತ್ತು ಸರ್? ಬೆಂಗಳೂರಿನಲ್ಲಿ ಖಾಸಗಿ ಎಫ್‌ಎಂ ಬಂದದ್ದೇ 2001ರ ಜುಲೈನಲ್ಲಿ, ರೇಡಿಯೋ ಸಿಟಿ, ದೇಶಕ್ಕೇ ಮೊದಲು. ಈಗ ಬಟನ್ ಒತ್ತಿದ್ರೆ ಹತ್ತು ಸ್ಟೇಷನ್.

ಮಲ್ಲೇಶ್ವರಂ ಮರ್ಫಿ:
ಆಯ್ಕೆ ಹೆಚ್ಚಾದಷ್ಟೂ ಹೊತ್ತಿನ ಶಿಸ್ತು ಹೆಚ್ಚು ಬೇಕು. 8:10ರ ಸ್ಪರ್ಧೆ ದಿನಾ 8:10ಕ್ಕೇ ಬರ್ತಿದೆಯಾ? ಅದನ್ನ ಹೇಳಿ.

ಕ್ಯೂಶೀಟ್:
ಕಳೆದ ವಾರದ ಲಾಗ್: 8:10, 8:16, 8:09, 8:21, 8:14.

ಮಲ್ಲೇಶ್ವರಂ ಮರ್ಫಿ:
ಸಿಕ್ತಲ್ಲ! ಮಗುವನ್ನ ಸ್ಕೂಲ್ ಬಸ್ ಹತ್ತಿಸಿ ಕಾರಿಗೆ ಕೂತವರು 8:10ಕ್ಕೆ ಕಾಯ್ತಾರೆ. 8:21ಕ್ಕೆ ಅವರು ಆಫೀಸ್ ಫೋನ್‌ನಲ್ಲಿರ್ತಾರೆ.

ಸಿಲ್ಕ್ ಬೋರ್ಡ್ ಸಿಗ್ನಲ್:
ವಿಷಯ ಸ್ವಲ್ಪ ಬೇರೆ. ಈಗ ಕಾರು ಸ್ಟಾರ್ಟ್ ಮಾಡಿದ್ರೆ ಮೊಬೈಲ್ ತಾನಾಗೇ ಬ್ಲೂಟೂತ್‌ಗೆ ಕನೆಕ್ಟ್ ಆಗಿ ಆ್ಯಪ್ ಹಾಡು ಶುರು. ಎಷ್ಟೋ ಮೊಬೈಲ್‌ನಲ್ಲಿ ಎಫ್‌ಎಂ ಇಲ್ಲ. ಇದ್ರೂ ಆ್ಯಂಟೆನಾಗೆ ವೈರ್ ಇರೋ ಇಯರ್‌ಫೋನ್ ಬೇಕು, ಆ ತೂತೇ ಈಗ ಎಷ್ಟೋ ಮೊಬೈಲ್‌ನಲ್ಲಿ ಇಲ್ಲ. ಹಾಡಿಗೋಸ್ಕರ ಯಾರೂ ಎಫ್‌ಎಂ ಹಾಕಲ್ಲ. ಗಂಟೆಗೆ 8 ಹಾಡು ಅಂದ್ರೆ ಆ್ಯಪ್ ಜೊತೆ ಕುಸ್ತಿ. ಆ್ಯಪ್ ಕೊಡದೇ ಇರೋದು ಊರಿನ ಸುದ್ದಿ.

ಹಳೆ ಟೇಪು:
ಸ್ವಂತ ಸುದ್ದಿ ಕೊಡೋಕೆ ಖಾಸಗಿ ಎಫ್‌ಎಂಗೆ ಅನುಮತಿ ಇಲ್ಲ. ಗಂಟೆಗೆ 10 ನಿಮಿಷ ಸುದ್ದಿಗೆ ಬಿಡಿ ಅಂತ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್ 2023ರಲ್ಲಿ ಶಿಫಾರಸು ಮಾಡಿದೆ ಅಷ್ಟೇ.

ಆದ್ರೆ ಖಾಸಗಿ ಎಫ್‌ಎಂಗೆ ಕೇಂದ್ರ ಸರ್ಕಾರ ಮಾಡಿದ 2011ರ ಮೂರನೇ ಹಂತದ ನೀತಿಯಲ್ಲಿ ಸುದ್ದಿ ಅನ್ನಿಸಿಕೊಳ್ಳದ ಪಟ್ಟಿ ಇದೆ: ಟ್ರಾಫಿಕ್, ಹವಾಮಾನ, ಹಬ್ಬ ಮತ್ತು ಸಾಂಸ್ಕೃತಿಕ ಕಾರ್ಯಕ್ರಮ, ಪರೀಕ್ಷೆ, ಫಲಿತಾಂಶ, ದಾಖಲಾತಿ, ಉದ್ಯೋಗಾವಕಾಶ, ವಿದ್ಯುತ್ ಮತ್ತು ನೀರಿನ ಸರಬರಾಜು, ಆರೋಗ್ಯದ ಎಚ್ಚರಿಕೆ. ಬೆಂಗಳೂರಿನ ಬೆಳಗಿಗೆ ಇದಕ್ಕಿಂತ ಇನ್ನೇನು ಬೇಕು? ಬೆಸ್ಕಾಂ ಇವತ್ತು ಯಾವ ಫೀಡರ್ ಕೆಲಸಕ್ಕೆ ಎಲ್ಲೆಲ್ಲಿ ಕರೆಂಟ್ ತೆಗೀತದೆ, ಕಾವೇರಿ ನೀರು ಯಾವ ಬಡಾವಣೆಗೆ ಇಲ್ಲ, ಸಿಇಟಿ ಅರ್ಜಿಗೆ ಕೊನೆ ದಿನ ಯಾವಾಗ. ಏರಿಯಾ ಹೆಸರು ಹೇಳಿ, ಎಷ್ಟು ಗಂಟೆಯಿಂದ ಎಷ್ಟು ಗಂಟೆ ಹೇಳಿ, 30 ಸೆಕೆಂಡ್. ಹೊಸ ಆರ್‌ಜೆ ಉಪಯೋಗಕ್ಕೆ ಬರ್ತಾರೆ ಅಂತ ಕೇಳುಗರಿಗೆ ಮೊದಲು ಅನ್ನಿಸಲಿ, ಇಷ್ಟ ಆಗೋದು ಆಮೇಲೆ ಬರುತ್ತೆ.

ಸಿಲ್ಕ್ ಬೋರ್ಡ್ ಸಿಗ್ನಲ್:
ಟ್ರಾಫಿಕ್ ಮಾತ್ರ ಮ್ಯಾಪ್ ನೋಡಿ ಓದಬೇಡಿ ದಯವಿಟ್ಟು. "ಹೆಬ್ಬಾಳದಲ್ಲಿ ನಿಧಾನಗತಿ" ಅಂದ್ರೆ ಯಾರಿಗೂ ಉಪಯೋಗ ಇಲ್ಲ, ಅದು ದಿನಾ ಇರೋದೇ. ಫ್ಲೈಓವರ್ ಮೇಲೆ ಬಸ್ ಕೆಟ್ಟಿದೆಯಾ, ಯಾವ ಪಥ, ಕೆಳಗಿನಿಂದ ಹೋಗಬಹುದಾ? ಆಟೋ, ಕ್ಯಾಬ್‌ನವರು ಏಳೆಂಟು ಜನ ದಿನಾ ವಾಯ್ಸ್ ನೋಟ್ ಕಳಿಸೋ ಹಾಗೆ ಮಾಡ್ಕೊಂಡ್ರೆ ಸಾಕು. ಮೊದಲ 5 ಸೆಕೆಂಡಿನ ಗಾಳಿ ಶಬ್ದ ಕತ್ತರಿಸಿ, 12 ಸೆಕೆಂಡ್ ಉಳಿಸಿ, ಹಾಕಿ.

ಕುಡ್ಲದ ಕೇಳುಗೆ:
ಸೆಗ್ಮೆಂಟ್ ಬಗ್ಗೆ ಹೇಳ್ತೀರಾ ಯಾರಾದ್ರೂ? ಹಳೆಯದ್ದು ಇಡ್ಬೇಕಾ, ಬಿಡ್ಬೇಕಾ?

ಹಳೆ ಟೇಪು:
ಅದು ಯಾರದ್ದು ಅನ್ನೋದರ ಮೇಲೆ. ಹೋದವರ ವ್ಯಕ್ತಿತ್ವಕ್ಕೇ ಅಂಟಿದ್ದು, ಅಂದ್ರೆ ಅವರ ಮಿಮಿಕ್ರಿ, ತರಲೆ ಕಾಲ್, ಅವರು ಕಟ್ಟಿದ ಪಾತ್ರ, ಮರುದಿನವೇ ನಿಲ್ಲಿಸಿ. ಆಟದ ನಿಯಮದ ಮೇಲೆ ನಡೆಯೋದು, ಹಾಡು ಗುರುತಿಸೋದು, ಬಹುಮಾನದ ಪ್ರಶ್ನೆ, ಅದನ್ನ ಅದೇ ಹೊತ್ತಿಗೆ ಇಟ್ಟು ಹೆಸರು, ಬೆಡ್, ಒಂದು ನಿಯಮ ಬದಲಾಯಿಸಿ.

ಬಿಬಿಸಿಯಲ್ಲೇ ಉಲ್ಟಾ ಉದಾಹರಣೆಯೂ ಇದೆ. ಕೆನ್ ಬ್ರೂಸ್ 2023ರ ಮಾರ್ಚ್ 3ಕ್ಕೆ ರೇಡಿಯೋ 2 ಬಿಟ್ರು. ಬೆಳಗ್ಗೆ ಒಂಬತ್ತೂವರೆ ನಂತರದ ಷೋ ಅವರದು. ಪಾಪ್‌ಮಾಸ್ಟರ್ ಅನ್ನೋ ಕ್ವಿಜ್ ಅವರ ಜೊತೆಗೇ ಗ್ರೇಟೆಸ್ಟ್ ಹಿಟ್ಸ್ ರೇಡಿಯೋಗೆ ಹೋಯ್ತು, ಏಪ್ರಿಲ್ 3ಕ್ಕೆ ಅಲ್ಲಿ ಶುರು. ಉತ್ತರಾಧಿಕಾರಿ ವರ್ನನ್ ಕೇ ಬಂದದ್ದು ಮೇ 15ಕ್ಕೆ. ಅಂದ್ರೆ ಆರು ವಾರ ಎದುರಿನ ಸ್ಟೇಷನ್‌ನಲ್ಲಿ ಹಳೇ ದನಿ, ಹಳೇ ಕ್ವಿಜ್. ರೇಡಿಯೋ 2ನಲ್ಲಿ ಹಂಗಾಮಿ ನಿರೂಪಕರು. ಲಕ್ಷಗಟ್ಟಲೆ ಜನ ಹೋದ್ರು. ಸೆಗ್ಮೆಂಟ್ ಹೆಸರು ಯಾರ ಹಕ್ಕು ಅಂತ ಕಾಂಟ್ರಾಕ್ಟ್‌ನಲ್ಲಿ ಬರೆದಿಡಬೇಕು ಅನ್ನೋದು ಅದಕ್ಕೇ. ಇನ್‌ಸ್ಟಾಗ್ರಾಂ ಖಾತೆಯೂ ಅಷ್ಟೇ. ಆರ್‌ಜೆ ಹೆಸರಿನ ಖಾತೆಯಲ್ಲಿ ಬೆಳೆದ ಫಾಲೋವರ್‌ಗಳು ಆರ್‌ಜೆ ಜೊತೆ ಹೋಗ್ತಾರೆ.

ಹುಬ್ಳಿ ಹವಾ:
ಕಾಂಟ್ರಾಕ್ಟ್‌ನ್ಯಾಗ "ಒಂದ್ ವರ್ಷ ಬ್ಯಾರೆ ಸ್ಟೇಷನ್‌ಗೆ ಹೋಗಂಗಿಲ್ಲ" ಅಂತ ಬರಸ್ಕೊಂಡ್ರ ಆತಲ್ಲ?

ಹಳೆ ಟೇಪು:
ನಿಲ್ಲಲ್ಲ. 1872ರ ಭಾರತೀಯ ಕರಾರು ಕಾಯ್ದೆಯ 27ನೇ ಕಲಂ ಪ್ರಕಾರ ಕೆಲಸ ಬಿಟ್ಟ ಮೇಲಿನ ಇಂಥ ನಿರ್ಬಂಧ ಅನೂರ್ಜಿತ. ಕೆಲಸದಲ್ಲಿರೋವಾಗ, ನೋಟಿಸ್ ಅವಧಿಯೂ ಸೇರಿ, ಬೇರೆ ಕಡೆ ಮಾಡಬೇಡಿ ಅನ್ನಬಹುದು. ಹಾಗಾಗಿ ನೋಟಿಸ್ ಅವಧಿ ಉದ್ದ ಇಟ್ಕೊಳ್ಳಿ, ಆ ಅವಧಿಯಲ್ಲಿ ಹೊಸಬರನ್ನ ಹಳಬರ ಷೋಗೆ ಅತಿಥಿಯಾಗಿ ತನ್ನಿ. ಹಳಬರೇ ಹೆಸರು ಹಿಡಿದು ಪರಿಚಯಿಸಿದ್ರೆ ಅದಕ್ಕೆ ಸಮನಾದ ಪ್ರೋಮೊ ಇಲ್ಲ. ಲೈವ್ ಬಗ್ಗೆ ಹೆದರಿಕೆ ಇದ್ರೆ ವಿದಾಯದ ಲಿಂಕ್ ರೆಕಾರ್ಡ್ ಮಾಡಿ ಹಾಕಿ, ಅಷ್ಟೇ ತಾನೇ.

ಕ್ಯೂಶೀಟ್:
ನಮ್ಮಲ್ಲಿ ಆ ಹೊತ್ತು ಮೀರಿತು. ಈಗ ವಿದಾಯ ಹೇಳಿಸೋಕೆ ಅವರು ಸಿಗಲ್ಲ. ಹೊಸಬರೇ ಈ ವಿಷಯ ಎತ್ತಬೇಕಾ? ಮೇಲಿನವರು ಹಳೇ ಹೆಸರು ಗಾಳಿಯಲ್ಲಿ ಬರಲೇಬಾರದು ಅಂತಾರೆ.

ಕುಡ್ಲದ ಕೇಳುಗೆ:
ಹೆಸರು ಹೇಳಿಯೇ ಎತ್ತಲಿ. ಒಂದೇ ಸಲ, ಒಂದು ನಿಮಿಷ. "ಇಷ್ಟು ವರ್ಷ ಈ ಹೊತ್ತಿಗೆ ನಿಮ್ಮ ಜೊತೆ ಇದ್ದವರು ಇಂಥವರು, ಅವರ ಕೆಲಸ ನನಗೂ ಇಷ್ಟ, ಅವರಿಗೆ ಒಳ್ಳೆಯದಾಗಲಿ, ಇನ್ನು ಮುಂದೆ ನಾನಿದ್ದೇನೆ" ಅಂತ. ಫೇಸ್‌ಬುಕ್‌ನಲ್ಲೂ ಅದೇ ಉತ್ತರ, ಕಮೆಂಟ್ ಅಳಿಸ್ಬೇಡಿ. ಅಳಿಸಿದ್ರೆ ಎರಡು ಪಟ್ಟು ಬರ್ತದೆ.

ಜಯನಗರ 4ನೇ ಬ್ಲಾಕ್:
ಇದಕ್ಕೆ ನನ್ನ ವಿರೋಧ ಇದೆ. ನಾಲ್ಕು ತಿಂಗಳಾದ ಮೇಲೆ ಹೆಸರು ಎತ್ತಿದ್ರೆ ಮರೆತವರಿಗೂ ನೆನಪಿಸಿದ ಹಾಗೆ. ಷೋ ಹೆಸರು ಬದಲಾಯಿಸೋ ದಿನ ಹೊಸ ಷೋ ಅಂತ ಶುರು ಮಾಡ್ಲಿ, ಸಾಕು.

ಕುಡ್ಲದ ಕೇಳುಗೆ:
ಮರೆತಿದ್ರೆ ದಿನಾ "ಎಲ್ಲಿ?" ಅಂತ ಯಾಕೆ ಕೇಳ್ತಾರೆ?

ನಾಲ್ಕನೇ ಫೇಡರ್:
ಇಬ್ಬರ ಮಾತೂ ಒಟ್ಟಿಗೆ ಆಗುತ್ತೆ. ಹೊಸ ಹೆಸರಿನ ಮೊದಲ ದಿನ, 8 ಗಂಟೆಯ ಮೊದಲ ಲಿಂಕ್‌ನಲ್ಲಿ ಆ ಒಂದು ನಿಮಿಷ. ಆಮೇಲೆ ಆ ವಿಷಯ ಮುಗೀತು. ಸೋಮವಾರ ಬೇಡ, ಸೋಮವಾರ ಎಲ್ಲರೂ ಗಡಿಬಿಡಿ, ಮಂಗಳವಾರ ಇಟ್ಕೊಳ್ಳಿ. ಹಿಂದಿನ ವಾರವೇ ಪಾಪಣ್ಣ ಹೇಳಿದ ಫೋಲ್ಡರ್ ಕೆಲಸ ಮುಗಿದಿರಬೇಕು.

ಫಲಿತಾಂಶ ನೋಡೋವಾಗ ಎರಡು ಅಂಕಿ ಬೇರೆ ಬೇರೆ ಇಡಿ. ಕೇಳೋರ ಸಂಖ್ಯೆ ಒಂದು, ಒಬ್ಬೊಬ್ಬರು ಎಷ್ಟು ಹೊತ್ತು ಕೇಳ್ತಾರೆ ಅನ್ನೋದು ಇನ್ನೊಂದು. ಹಳೇ ಆರ್‌ಜೆ ಹೋದಾಗ ಮೊದಲು ಬೀಳೋದು ಎರಡನೆಯದು, ಸುಧಾರಿಸೋವಾಗ ಮೊದಲು ಏಳೋದೂ ಅದೇ. ಡೈರಿಯಲ್ಲಿ ಜನ ನೆನಪಿನಿಂದ ಬರೀತಾರೆ, ಅದರಲ್ಲಿ ಬದಲಾವಣೆ ತಡವಾಗಿ ಕಾಣುತ್ತೆ. ಮೊದಲೇ ಕಾಣೋದು ಸ್ಪರ್ಧೆಗೆ ಬರೋ ಹೊಸ ನಂಬರ್‌ಗಳು. ಒಟ್ಟು ಕರೆ ಬಿಡಿ, ವಾರಕ್ಕೆ ಎಷ್ಟು ನಂಬರ್ ಮೊದಲ ಸಲ ಬಂತು ಅಂತ ಬರೆದಿಡಿ.

ಪ್ಲೇಔಟ್ ಪಾಪಣ್ಣ:
ಆ ಹಳೇ ಬೆಡ್ ಅಳಿಸೋ ಮೊದಲು ಸ್ಪಾನ್ಸರ್ ಟ್ಯಾಗ್ ಅದರ ಮೇಲೆ ಮಿಕ್ಸ್ ಆಗಿದೆಯಾ ನೋಡ್ಕೊಳ್ಳಿ. ಆಗಿದ್ರೆ ಟ್ಯಾಗ್ ಮತ್ತೆ ಮಾಡಬೇಕು, ಇಲ್ದಿದ್ರೆ ಮಂಗಳವಾರ ಬೆಳಗ್ಗೆ 8:09ಕ್ಕೆ ಅದೇ ಟ್ಯೂನ್ ಬರುತ್ತೆ.

ಕ್ಯೂಶೀಟ್:
ಆಗಿದೆ. ಎರಡು ಟ್ಯಾಗ್. ಇವತ್ತೇ ವಾಯ್ಸ್ ಆರ್ಟಿಸ್ಟ್‌ಗೆ ಹೇಳ್ತೀನಿ. ಮೂರು ಬ್ರೇಕ್ ಬಗ್ಗೆ ಸೇಲ್ಸ್ ಜೊತೆ ಗುರುವಾರ ಮಾತು. ಸ್ಪರ್ಧೆ 8:10ಕ್ಕೆ ಲಾಕ್ ಮಾಡಿಸಿದೆ, ಅದರ ಹಿಂದಿನ ಹಾಡನ್ನ ಎಡಿಟ್ ಆದ ಮೂರೂ ಕಾಲು ನಿಮಿಷದ ಆವೃತ್ತಿಗೆ ಬದಲಾಯಿಸಿದ್ದೀವಿ.

ಸ್ಪಾಟ್ ಶೆಡ್ಯೂಲ್:
ಗುರುವಾರದ ಮಾತಿಗೆ ಒಂದು ಸಲಹೆ: ನಿಮಿಷ ಕಡಿಮೆ ಮಾಡ್ತೀವಿ ಅಂತ ಶುರು ಮಾಡಬೇಡಿ. 8:10ಕ್ಕೆ ಖಚಿತವಾಗಿ ಬರೋ ಸ್ಪರ್ಧೆಗೆ ಪ್ರತ್ಯೇಕ ಸ್ಪಾನ್ಸರ್ ಹುಡುಕೋಣ ಅಂತ ಶುರು ಮಾಡಿ. ಹೊತ್ತು ಅಲುಗಾಡದ ಸ್ಲಾಟ್‌ಗೆ ಹೆಚ್ಚು ದರ ಕೇಳಬಹುದು, ಕಳೆದ ಮೂರು ನಿಮಿಷದಲ್ಲಿ ಒಂದಿಷ್ಟು ಅಲ್ಲೇ ವಾಪಸ್ ಬರುತ್ತೆ.